ಸರಕಾರಿ ಬಡ್ಡಿ ಇಳಿದಾಗ ಅಡಿಕೆ ಮಾರಿದ ದುಡ್ಡು ಎಲ್ಲಿಡುವುದು?

ಕಳೆದ ಮೇ ತಿಂಗಳಲ್ಲಿ ನೀರ್ಚಾಲು ಕಡೆಯ ಅತ್ತೆಯೊಬ್ಬರು ನಮ್ಮ ಜಗಲಿಯಲ್ಲಿ ಕೂತು ಒಂದು ಪ್ಲಾಸ್ಟಿಕ್ ತೊಟ್ಟೆ ಬಿಚ್ಚಿದರು. ಒಳಗೆ ಒಂಬತ್ತು ಎಫ್‌ಡಿ ರಶೀದಿಗಳು, ಒಂದು ಚಿನ್ನದ ಸಾಲದ ಚೀಟಿ, ಮಡಚಿ ಮಡಚಿ ಗೆರೆ ಬಿದ್ದ ಒಂದು ಪಾಸ್‌ಬುಕ್. ಅವರಿಗೆ ಅರುವತ್ತಾರು ವರ್ಷ. ಮಾವ ತೀರಿಹೋಗಿ ನಾಲ್ಕು ವರ್ಷವಾಯಿತು. ಸ್ವಲ್ಪ ಜಾಗ ಮಾರಿದ್ದು, ಅಡಿಕೆಯಲ್ಲಿ ಉಳಿದದ್ದು ಎಲ್ಲ ಸೇರಿ ಇಪ್ಪತ್ತು ಲಕ್ಷ ಇತ್ತು.

"ಬಡ್ಡಿ ಕಮ್ಮಿ ಆಯ್ತಲ್ಲ ಮಗಾ. ಇದನ್ನೆಲ್ಲ ತೆಗೆದು ಪೇಟೆಯ ಒಂದು ವ್ಯಾಪಾರಕ್ಕೆ ಹಾಕ್ಲಾ? ಲಕ್ಷಕ್ಕೆ ತಿಂಗಳಿಗೆ ಸಾವಿರದ ಇನ್ನೂರು ಕೊಡ್ತಾರಂತೆ" ಎಂದು ಕೇಳಿದರು.

ನಾನು ಮೂವತ್ತು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವನು. ಬಡ್ಡಿ ಇಳಿದ ಪ್ರತಿ ಸಲವೂ ಈ ಪ್ರಶ್ನೆ ಬರುತ್ತದೆ, ಪ್ರತಿ ಸಲವೂ ನನಗೆ ಹೆದರಿಕೆಯಾಗುತ್ತದೆ. ನಮ್ಮ ಕಾಸರಗೋಡಿನಲ್ಲಿ ದುಡ್ಡು ಕಳಕೊಂಡವರಲ್ಲಿ ನಾನು ಕಂಡ ಹೆಚ್ಚಿನವರು ನೂರಕ್ಕೆ ಏಳು ಸಾಲದೆಂದು ಹದಿನಾಲ್ಕರ ಹಿಂದೆ ಹೋದವರು. ಏಳು ಸಿಕ್ಕಿದ್ದಕ್ಕೆ ಯಾರೂ ಮನೆ ಕಳಕೊಳ್ಳಲಿಲ್ಲ. ಅತ್ತೆಯ ತೊಟ್ಟೆಯನ್ನು ಮುಂದಿಟ್ಟುಕೊಂಡು ಆವತ್ತು ಯಾವ ಕ್ರಮದಲ್ಲಿ ಲೆಕ್ಕ ಹಾಕಿದೆವೋ ಅದೇ ಕ್ರಮದಲ್ಲಿ ಬರೆಯುತ್ತೇನೆ.

ಎಷ್ಟು ಇಳಿದಿದೆ ಎಂದು ಮೊದಲು ನೋಡಿ

1990ರ ದಶಕದಲ್ಲಿ ಕಿಸಾನ್ ವಿಕಾಸ ಪತ್ರದಲ್ಲಿ ಹಾಕಿದ ಹಣ ಐದೂವರೆ ವರ್ಷಕ್ಕೆ ದುಪ್ಪಟ್ಟಾಗುತ್ತಿತ್ತು. ಈಗ ಅದೇ ಪತ್ರಕ್ಕೆ 115 ತಿಂಗಳು ಬೇಕು, ಅಂದರೆ ಒಂಬತ್ತೂವರೆ ವರ್ಷಕ್ಕಿಂತಲೂ ಒಂದು ತಿಂಗಳು ಹೆಚ್ಚು. ಸರಕಾರದ ದೀರ್ಘಾವಧಿ ಉಳಿತಾಯ ಖಾತೆಯಾದ ಪಿಪಿಎಫ್ ಒಂದು ಕಾಲಕ್ಕೆ ಶೇ 12 ಕೊಡುತ್ತಿತ್ತು. 2020ರ ಏಪ್ರಿಲಿನಲ್ಲಿ ಶೇ 7.1ಕ್ಕೆ ಇಳಿದದ್ದು ಮತ್ತೆ ಏರಲಿಲ್ಲ. 2025ರ ಫೆಬ್ರವರಿಯಿಂದ ಜೂನ್ ಒಳಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಎಂದರೆ ಬ್ಯಾಂಕುಗಳಿಗೆ ತಾನು ಸಾಲ ಕೊಡುವ ಬಡ್ಡಿಯನ್ನು, 6.5ರಿಂದ 5.5ಕ್ಕೆ ತಂದಿತು. ಅದರ ಬೆನ್ನಿಗೆ ದೊಡ್ಡ ಬ್ಯಾಂಕುಗಳ ಎಫ್‌ಡಿ ಬಡ್ಡಿಯೂ ಏಳರಿಂದ ಆರೂವರೆಯ ಆಸುಪಾಸಿಗೆ ಬಂತು. ಹತ್ತು ವರ್ಷದ ಸರಕಾರಿ ಬಾಂಡಿನಲ್ಲಿ ಸಿಗುವುದೂ ಹೆಚ್ಚುಕಮ್ಮಿ ಅಷ್ಟೇ.

ಹಳೆಯ ಹನ್ನೆರಡನ್ನು ನೆನೆದು ಸಂಕಟಪಡುವಾಗ ಆಗಿನ ಬೆಲೆ ಏರಿಕೆಯನ್ನೂ ಜತೆಗೇ ನೆನೆಯಬೇಕು. ಬೆಲೆಗಳು ವರ್ಷಕ್ಕೆ ಶೇ 10 ಏರುವಾಗ ಸಿಕ್ಕಿದ 12ಕ್ಕೂ, ಶೇ 5 ಏರುವಾಗ ಸಿಕ್ಕಿದ 7ಕ್ಕೂ ಕೈಯಲ್ಲಿ ಉಳಿಯುವುದು ಎರಡೇ.

ತೆರಿಗೆಯನ್ನೂ ಸೇರಿಸಿ ನೋಡಿ. ಹತ್ತು ಲಕ್ಷಕ್ಕೆ ಶೇ 7ರಂತೆ ವರ್ಷಕ್ಕೆ 70,000 ಬಡ್ಡಿ. ಶೇ 30ರ ಹಂತದಲ್ಲಿರುವವರಿಗೆ ಸೆಸ್ ಸೇರಿ 21,840 ತೆರಿಗೆಗೆ ಹೋಗಿ ಉಳಿಯುವುದು 48,160, ಅಂದರೆ ಶೇ 4.8. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದೊಳಗಿನ ಆದಾಯದವರಿಗೆ 2025-26ರಿಂದ ರಿಬೇಟಿನಿಂದಾಗಿ ಬಡ್ಡಿಯ ಮೇಲೆ ತೆರಿಗೆಯೇ ಬಾರದು. ಆದ್ದರಿಂದ ಬಡ್ಡಿ ಸಾಲದು ಎಂದು ಸಂಬಳದ ಅಳಿಯ ಹೇಳಿದರೆ ಅದು ಅವನ ಮಟ್ಟಿಗೆ ಸರಿ. ಅದೇ ಮಾತು ಅತ್ತೆಗೆ ಹೊಂದುವುದಿಲ್ಲ. ತೋಟದವರು ಇನ್ನೊಂದು ವಿಷಯ ಗಮನಿಸಿ. ಅಡಿಕೆ, ತೆಂಗಿನ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಆದರೆ ಬಡ್ಡಿ ಮುಂತಾದ ಬೇರೆ ಆದಾಯ ವಿನಾಯಿತಿ ಮಿತಿ ದಾಟಿದರೆ, ದರ ನಿಗದಿ ಮಾಡುವಾಗ ಕೃಷಿ ಆದಾಯವನ್ನೂ ಕೂಡಿಸಿ ಲೆಕ್ಕ ಹಾಕುತ್ತಾರೆ. ಇದು ಗೊತ್ತಿಲ್ಲದೆ ಮಾರ್ಚಿನಲ್ಲಿ ಪೇಚಿಗೆ ಸಿಕ್ಕಿದವರನ್ನು ಕಂಡಿದ್ದೇನೆ.

ಇರುವ ಸಾಲವನ್ನು ಮೊದಲು ತೀರಿಸಿ

ಅತ್ತೆಯ ತೊಟ್ಟೆಯಲ್ಲಿದ್ದ ಚಿನ್ನದ ಸಾಲ ಒಂದು ಲಕ್ಷದ್ದು, ಬಡ್ಡಿ ನೂರಕ್ಕೆ ಹನ್ನೊಂದು. ಅದರ ಮಗ್ಗುಲಲ್ಲೇ ಆರೂಕಾಲರ ಎಫ್‌ಡಿ! ಒಂದು ಕೈಯಲ್ಲಿ ಆರು ಸಾವಿರದ ಇನ್ನೂರೈವತ್ತು ತಕ್ಕೊಂಡು ಇನ್ನೊಂದು ಕೈಯಲ್ಲಿ ಹನ್ನೊಂದು ಸಾವಿರ ಕೊಡುತ್ತಿದ್ದರು. ಸಾಲ ತೀರಿಸಿದ ಆ ಲಕ್ಷ ನೂರಕ್ಕೆ ಹನ್ನೊಂದನ್ನು ಖಂಡಿತವಾಗಿ ಉಳಿಸುತ್ತದೆ. ತೆರಿಗೆ ಇಲ್ಲದೆ, ಅಪಾಯ ಇಲ್ಲದೆ ಇಷ್ಟು ಕೊಡುವ ಬಾಂಡು ಭಾರತದಲ್ಲಿ ಎಲ್ಲೂ ಇಲ್ಲ.

ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆ ಸಾಲದ ಮಾತು ಬೇರೆ. ಮೂರು ಲಕ್ಷದವರೆಗೆ ವಾಯಿದೆಯೊಳಗೆ ಕಟ್ಟಿದರೆ ರಿಯಾಯಿತಿ ಕಳೆದು ನೂರಕ್ಕೆ ನಾಲ್ಕೇ ಬೀಳುತ್ತದೆ. ಅದನ್ನು ಮುಂಚಿತವಾಗಿ ತೀರಿಸುವ ಆತುರ ಬೇಡ, ವಾಯಿದೆ ಮಾತ್ರ ತಪ್ಪಿಸಬೇಡಿ.

ತೋಟದ ವರ್ಷವನ್ನು ನೋಡಿ ದುಡ್ಡು ಪಾಲು ಮಾಡಿ

ಪೇಟೆಯವರಿಗೆ ಬರೆದ ಸಲಹೆಗಳಲ್ಲಿ 'ಆರು ತಿಂಗಳ ಖರ್ಚು ಕೈಯಲ್ಲಿಡಿ' ಎಂದಿರುತ್ತದೆ. ತಿಂಗಳ ಸಂಬಳದವರಿಗೆ ಅದು ಸಾಕು. ನಮಗೆ ದುಡ್ಡು ಬರುವುದು ಅಡಿಕೆ ಕೊಯ್ದು ಅಂಗಳದಲ್ಲಿ ಒಣಗಿಸಿ ಮಾರಿದಾಗ, ಹೆಚ್ಚಾಗಿ ಜನವರಿಯಿಂದ ಏಪ್ರಿಲ್ ತನಕ. ಖರ್ಚು ಬರುವುದು ಮೇ, ಜೂನ್, ಜುಲೈಯಲ್ಲಿ: ಮಳೆಗೆ ಮೊದಲು ಮದ್ದು ಬಿಡಬೇಕು, ಮಳೆಯ ನಡುವೆ ಇನ್ನೊಮ್ಮೆ ಬಿಡಬೇಕು, ಮಕ್ಕಳ ಶಾಲೆ ಕಾಲೇಜು ಶುರುವಾಗುತ್ತದೆ, ಮಾಡಿನ ಹಂಚು ಸರಿ ಮಾಡಿಸಬೇಕು. ಒಂದು ವರ್ಷ ಕೊಳೆರೋಗ ಬಂದರೆ ಮುಂದಿನ ಬೆಳೆಯ ತನಕ ಕೈ ಖಾಲಿ. ಅದರ ಮೇಲೆ ಈಗ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ತೋಟದ ಮನೆಗೆ ಒಂದು ಇಡೀ ವರ್ಷದ ಖರ್ಚು ಸುಲಭವಾಗಿ ತೆಗೆಯುವಂತೆ ಇರಬೇಕು ಎಂಬುದು ನನ್ನ ಅಭಿಪ್ರಾಯ.

ಅದನ್ನು ಇಡುವ ರೀತಿ ಹೀಗೆ. ಸ್ವಲ್ಪ ಎಸ್‌ಬಿ ಖಾತೆಯಲ್ಲಿ, ಉಳಿದದ್ದನ್ನು ಒಂದೇ ರಶೀದಿ ಮಾಡದೆ ಒಂದು ವರ್ಷ, ಎರಡು ವರ್ಷ, ಮೂರು ವರ್ಷ ಎಂದು ತುಂಡು ತುಂಡಾಗಿ ಎಫ್‌ಡಿಯಲ್ಲಿ. ಪ್ರತಿ ಎಫ್‌ಡಿಯ ಅವಧಿ ಮೇ ಮೊದಲ ವಾರಕ್ಕೆ ಮುಗಿಯುವಂತೆ ದಿನ ಲೆಕ್ಕ ಹಾಕಿ ಇಡಿ; ಅವಧಿಯನ್ನು ದಿನಗಳಲ್ಲೂ ಹೇಳಬಹುದು. ವರ್ಷಕ್ಕೊಂದು ರಶೀದಿ ಮದ್ದಿನ ಹೊತ್ತಿಗೆ ಕೈಗೆ ಬರುತ್ತದೆ. ಬೇಡವಾದರೆ ಅದನ್ನು ಮತ್ತೆ ಮೂರು ವರ್ಷಕ್ಕೆ ಇಡಿ. ಇನ್ನೊಂದು ಲಾಭವೂ ಇದೆ: ಬಡ್ಡಿ ತೀರಾ ಇಳಿದ ವರ್ಷದಲ್ಲಿ ನಿಮ್ಮ ದುಡ್ಡಿನ ಒಂದು ಪಾಲು ಮಾತ್ರ ಆ ದರಕ್ಕೆ ಸಿಕ್ಕಿಕೊಳ್ಳುತ್ತದೆ. 2020ರಲ್ಲಿ ಎಲ್ಲವನ್ನೂ ಒಂದೇ ದಿನ ಐದು ವರ್ಷಕ್ಕೆ ಇಟ್ಟವರು ಐದೂವರೆಯ ಬಡ್ಡಿಯಲ್ಲೇ ಕೂರಬೇಕಾಯಿತು. ಎರಡೇ ವರ್ಷದಲ್ಲಿ ದರ ಮತ್ತೆ ಏರಿತ್ತು.

ಅತ್ತೆಯ ಒಂಬತ್ತು ರಶೀದಿಗಳಲ್ಲಿ ಎಂಬತ್ತು ಸಾವಿರದ ಒಂದರ ಅವಧಿ ಮುಗಿದೇ ಮೂರು ವರ್ಷವಾಗಿತ್ತು. ತನ್ನಿಂತಾನೆ ನವೀಕರಣ ಆಗಲಿ ಎಂದು ಬರೆದುಕೊಟ್ಟಿರಲಿಲ್ಲ. 2021ರ ನಿಯಮದಂತೆ, ಅವಧಿ ಮುಗಿದೂ ತೆಗೆಯದ ಎಫ್‌ಡಿಗೆ ಎಸ್‌ಬಿ ಖಾತೆಯ ಬಡ್ಡಿ ಅಥವಾ ಹಿಂದಿನ ಕರಾರಿನ ಬಡ್ಡಿ, ಎರಡರಲ್ಲಿ ಯಾವುದು ಕಮ್ಮಿಯೋ ಅಷ್ಟೇ. ರಶೀದಿಯ ಬೆನ್ನಲ್ಲಿ ನಾಮಿನಿ ಎಂದು ಇದ್ದದ್ದು ತೀರಿಹೋದ ಮಾವನ ಹೆಸರು. ಹೊಸ ಹೂಡಿಕೆ ಹುಡುಕುವ ಮೊದಲು ನಿಮ್ಮ ತೊಟ್ಟೆಯನ್ನೊಮ್ಮೆ ಹೀಗೆ ಹರಡಿ ನೋಡಿ.

ಸರಕಾರದ ಒಳಗೇ ಹೆಚ್ಚು ಕೊಡುವುದು ಯಾವುದು?

'ಸರಕಾರಿ' ಎಂದರೆ ಒಂದೇ ದರ ಅಲ್ಲ. ಹೆಚ್ಚಿನವರು ಇಲ್ಲೇ ಎಡವುತ್ತಾರೆ. ಹತ್ತು ವರ್ಷದ ಬಾಂಡು ಆರೂವರೆ ಕೊಡುವಾಗ ಅದೇ ಸರಕಾರ ಪೋಸ್ಟಾಫೀಸಿನ ಕೌಂಟರಿನಲ್ಲಿ ಎಂಟರ ಮೇಲೆ ಕೊಡುತ್ತದೆ. 2025ರಲ್ಲಿ ಇದ್ದ ದರಗಳನ್ನು ಹೇಳುತ್ತೇನೆ; ಮೂರು ತಿಂಗಳಿಗೊಮ್ಮೆ ಪ್ರಕಟಣೆ ಬರುವುದರಿಂದ ಹೋಗುವ ದಿನ ಕೇಳಿಕೊಳ್ಳಿ.

ಅರುವತ್ತು ದಾಟಿದವರಿಗೆ ಹಿರಿಯ ನಾಗರಿಕರ ಉಳಿತಾಯ ಯೋಜನೆಗಿಂತ ಒಳ್ಳೆಯದು ನನಗೆ ಕಂಡಿಲ್ಲ. ಬಡ್ಡಿ ಶೇ 8.2, ಅವಧಿ ಐದು ವರ್ಷ, ಒಬ್ಬರಿಗೆ 30 ಲಕ್ಷದವರೆಗೆ. ಖಾತೆ ತೆರೆದ ದಿನದ ದರ ಐದು ವರ್ಷವೂ ಬದಲಾಗುವುದಿಲ್ಲ. ಬಡ್ಡಿ ಇಳಿಯುತ್ತಿರುವ ಕಾಲದಲ್ಲಿ ಇದು ದೊಡ್ಡ ಅನುಕೂಲ. ಹತ್ತು ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 20,500 ಕೈಗೆ ಬರುತ್ತದೆ. ನಡುವೆ ಮುರಿಯಬಹುದು: ಒಂದು ವರ್ಷ ಕಳೆದು ಎರಡರೊಳಗೆ ಆದರೆ ಅಸಲಿನಲ್ಲಿ ಶೇ 1.5, ಆಮೇಲೆ ಆದರೆ ಶೇ 1 ಕಡಿತ.

ತಿಂಗಳ ಖರ್ಚಿಗೆ ಪೋಸ್ಟಾಫೀಸಿನ ಮಾಸಿಕ ಆದಾಯ ಯೋಜನೆ, ಶೇ 7.4. ಒಬ್ಬರ ಹೆಸರಲ್ಲಿ 9 ಲಕ್ಷ, ಜಂಟಿಯಾಗಿ 15 ಲಕ್ಷ. ವಯಸ್ಸಿನ ಕಟ್ಟು ಇಲ್ಲ. ಐದು ಲಕ್ಷಕ್ಕೆ ತಿಂಗಳಿಗೆ 3,083 ರೂಪಾಯಿ.

ಹತ್ತು ವರ್ಷದೊಳಗಿನ ಹೆಣ್ಣುಮಗು ಮನೆಯಲ್ಲಿದ್ದರೆ ಸುಕನ್ಯಾ ಸಮೃದ್ಧಿ, ಶೇ 8.2. ಪಿಪಿಎಫ್‌ನ 7.1ಕ್ಕೆ ತೆರಿಗೆ ಇಲ್ಲ, ಆದ್ದರಿಂದ ಶೇ 30ರ ಹಂತದವರಿಗೆ ಅದು ಬೇರೆ ಕಡೆಯ ಹತ್ತಕ್ಕೆ ಸಮ. ಆದರೆ ಹದಿನೈದು ವರ್ಷ ಕಾಯುವ ದುಡ್ಡನ್ನು ಮಾತ್ರ ಅದರಲ್ಲಿ ಹಾಕಿ. ಮಿತಿ ವರ್ಷಕ್ಕೆ ಒಂದೂವರೆ ಲಕ್ಷ.

ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ರಿಸರ್ವ್ ಬ್ಯಾಂಕಿನ ಫ್ಲೋಟಿಂಗ್ ರೇಟ್ ಸೇವಿಂಗ್ಸ್ ಬಾಂಡು. ಪೋಸ್ಟಾಫೀಸಿನ ರಾಷ್ಟ್ರೀಯ ಉಳಿತಾಯ ಪತ್ರದ (ಎನ್‌ಎಸ್‌ಸಿ) ದರಕ್ಕಿಂತ 0.35 ಹೆಚ್ಚು, ಎಂದರೆ 8.05. ಏಳು ವರ್ಷ, ಗರಿಷ್ಠ ಮಿತಿ ಇಲ್ಲ, ಜನವರಿ 1 ಮತ್ತು ಜುಲೈ 1ಕ್ಕೆ ಬಡ್ಡಿ. ಎನ್‌ಎಸ್‌ಸಿ ಇಳಿದರೆ ಇದೂ ಇಳಿಯುತ್ತದೆ, ಏರಿದರೆ ಏರುತ್ತದೆ. ಅರುವತ್ತು ಆಗದವರು ನಡುವೆ ತೆಗೆಯುವಂತಿಲ್ಲ. ಸ್ಟೇಟ್ ಬ್ಯಾಂಕಿನಲ್ಲೂ, 2021ರ ನವೆಂಬರಿನಲ್ಲಿ ಶುರುವಾದ ರಿಟೇಲ್ ಡೈರೆಕ್ಟ್ ಜಾಲತಾಣದಲ್ಲೂ ಸಿಗುತ್ತದೆ.

ಗಲ್ಫ್‌ನಲ್ಲಿರುವ ಮಕ್ಕಳ ಹೆಸರಿನಲ್ಲಿ ಪಿಪಿಎಫ್, ಹಿರಿಯ ನಾಗರಿಕರ ಖಾತೆ ಹೊಸದಾಗಿ ತೆರೆಯಲಾಗದು. ಅವರಿಗೆ ಎನ್‌ಆರ್‌ಇ ಠೇವಣಿ ಇದೆ, ಅದರ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ.

ಸೊಸೈಟಿ, ಟ್ರೆಶರಿ, ಚಿಟ್ಟಿ

ಊರಿನ ಸೇವಾ ಸಹಕಾರಿ ಸಂಘದಲ್ಲಿ ಅರ್ಧವೋ ಮುಕ್ಕಾಲೋ ಹೆಚ್ಚು ಬಡ್ಡಿ ಸಿಗುತ್ತದೆ, ಗುರುತಿನವರೇ ಇರುತ್ತಾರೆ, ಸಾಲವೂ ಬೇಗ ಆಗುತ್ತದೆ. ನನಗೂ ಅಲ್ಲಿ ಖಾತೆ ಇದೆ. ಆದರೆ ವ್ಯತ್ಯಾಸ ತಿಳಿದಿರಬೇಕು. ವಾಣಿಜ್ಯ ಬ್ಯಾಂಕ್, ಗ್ರಾಮೀಣ ಬ್ಯಾಂಕ್, ಕೇರಳ ಬ್ಯಾಂಕುಗಳ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ ಐದು ಲಕ್ಷದವರೆಗೆ ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆ ಡಿಐಸಿಜಿಸಿಯ ವಿಮೆ ಇದೆ. 2020ರ ಫೆಬ್ರವರಿಗೆ ಮೊದಲು ಅದು ಒಂದೇ ಲಕ್ಷವಿತ್ತು. ಪ್ರಾಥಮಿಕ ಸಹಕಾರಿ ಸಂಘಗಳು ಆ ವಿಮೆಯಲ್ಲಿಲ್ಲ. ಅವುಗಳಿಗೆ ಇರುವುದು ಕೇರಳ ರಾಜ್ಯದ ಠೇವಣಿ ಖಾತರಿ ನಿಧಿ. ನಿಮ್ಮ ಸಂಘ ಅದರಲ್ಲಿ ಸೇರಿದೆಯೇ, ಎಷ್ಟರವರೆಗೆ ರಕ್ಷಣೆ ಎಂದು ಕಾರ್ಯದರ್ಶಿಯವರನ್ನು ಕೇಳಿ. ಮಹಾಸಭೆಗೆ ಹೋಗಿ ಲೆಕ್ಕಪತ್ರ ನೋಡಿ. ಹಿಂದಿರುಗದ ಸಾಲ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದ್ದರೆ ಅದೇ ಎಚ್ಚರಿಕೆ. ಎಲ್ಲ ದುಡ್ಡನ್ನೂ ಅಲ್ಲೇ ಇಡಬೇಡಿ.

ರಾಜ್ಯ ಸರಕಾರದ ಟ್ರೆಶರಿಯಲ್ಲೂ ಸಾರ್ವಜನಿಕರು ನಿಗದಿತ ಠೇವಣಿ ಇಡಬಹುದು. ದರ ಕೇಳಿ, ಬ್ಯಾಂಕಿನದ್ದರ ಜತೆ ಹೋಲಿಸಿ.

ಕೆಎಸ್‌ಎಫ್‌ಇ ಚಿಟ್ಟಿ 1969ರಿಂದ ನಡೆಯುತ್ತಿರುವ ಸರಕಾರಿ ಸಂಸ್ಥೆಯದ್ದು, ದುಡ್ಡಿನ ಭದ್ರತೆಯ ಬಗ್ಗೆ ಹೆದರಬೇಕಿಲ್ಲ. ಆದರೆ ಚಿಟ್ಟಿಯನ್ನು ಬಡ್ಡಿಯ ಹೂಡಿಕೆ ಎಂದು ತಿಳಿಯಬೇಡಿ. ತಿಂಗಳಿಗೆ 5,000ದ ನಲುವತ್ತು ತಿಂಗಳ ಚಿಟ್ಟಿ ಎಂದರೆ ಎರಡು ಲಕ್ಷ. ಅವಸರ ಇದ್ದವರು ಕಮ್ಮಿಗೆ ಕೂಗಿ ಮೊದಲು ಎತ್ತುತ್ತಾರೆ, ಅವರು ಬಿಟ್ಟುಕೊಟ್ಟದ್ದು ಕಮಿಷನ್ ಕಳೆದು ಉಳಿದವರಿಗೆ ಹಂಚಿಹೋಗುತ್ತದೆ. ಮೊದಲು ಎತ್ತಿದವರಿಗೆ ಅದು ಸಾಲ, ಕೊನೆಗೆ ಎತ್ತಿದವರಿಗೆ ಉಳಿತಾಯ. ಎರಡು ವರ್ಷದಲ್ಲಿ ಮಗಳ ಮದುವೆ ಇದೆ, ದಿನ ಗೊತ್ತಿಲ್ಲ ಎಂಬಂಥವರಿಗೆ ಇದು ಚೆನ್ನಾಗಿ ಹೊಂದುತ್ತದೆ.

ಏಳರ ಮೇಲೆ ಬೇಕೆಂದರೆ

ಅಡಿಕೆ ಬೆಳೆದವನಿಗೆ ಶೇರು ಮಾರುಕಟ್ಟೆ ಅರ್ಥವಾಗದ ವಿಷಯವಲ್ಲ. ಹೊಸ ಅಡಿಕೆಯನ್ನು ಕೊಡದೆ, ಹಳತಾಗಿ ಚೋಲ್ ಆಗಲಿ, ಇನ್ನೂ ಹಳತಾಗಿ ಡಬಲ್ ಚೋಲ್ ಆಗಲಿ ಎಂದು ಗೋಣಿಯಲ್ಲಿ ಕಟ್ಟಿಡುತ್ತೇವಲ್ಲ, ಅದೂ ಹೂಡಿಕೆಯೇ. ದರ ಏರಬಹುದು, ಇಳಿಯಬಹುದು, ಹುಳ ಹಿಡಿಯಬಹುದು. ಕಟ್ಟಿಡುವ ಶಕ್ತಿ ಯಾರಿಗಿದೆ? ಆ ವರ್ಷದ ಖರ್ಚಿಗೆ ಬೇರೆ ದಾರಿ ಇದ್ದವರಿಗೆ ಮಾತ್ರ. ಶೇರಿನದ್ದೂ ಅಷ್ಟೇ.

2008ರ ಜನವರಿಯಲ್ಲಿ ಸೆನ್ಸೆಕ್ಸ್ 21 ಸಾವಿರ ದಾಟಿತ್ತು, ಅಕ್ಟೋಬರಿನಲ್ಲಿ 8 ಸಾವಿರಕ್ಕಿಂತ ಕೆಳಗೆ ಬಿತ್ತು. ಮತ್ತೆ 21 ಸಾವಿರ ಕಂಡದ್ದು 2010ರ ನವೆಂಬರಿನಲ್ಲಿ. ಆ ಮೂರು ವರ್ಷ ಮುಟ್ಟದೆ ಬಿಟ್ಟವರು ಉಳಿದರು, ಮಗನ ಫೀಸಿಗೆಂದು ನಡುವೆ ತೆಗೆದವರು ಅರ್ಧ ಕಳಕೊಂಡರು. ಆದ್ದರಿಂದ ಕನಿಷ್ಠ ಏಳೆಂಟು ವರ್ಷ ಬೇಡದ ದುಡ್ಡು ಮಾತ್ರ ಅಲ್ಲಿಗೆ. ನಲುವತ್ತು ವಯಸ್ಸಿನ ಸಂಬಳದವರು ತಿಂಗಳ ಉಳಿತಾಯದ ಅರ್ಧದ ತನಕ ಹಾಕಬಹುದು ಎಂದು ನಾನು ಹೇಳುವುದುಂಟು. ಐವತ್ತು ದೊಡ್ಡ ಕಂಪನಿಗಳ ಶೇರುಗಳನ್ನು ಒಟ್ಟಿಗೆ ಕೊಳ್ಳುವ ನಿಫ್ಟಿ 50 ಇಂಡೆಕ್ಸ್ ಫಂಡ್ ಒಂದನ್ನು 'ಡೈರೆಕ್ಟ್' ಪ್ಲಾನಿನಲ್ಲಿ ತೆಗೆದುಕೊಂಡರೆ ಮಧ್ಯವರ್ತಿಗೆ ವರ್ಷವರ್ಷ ಹೋಗುವ ಕಮಿಷನ್ ಉಳಿಯುತ್ತದೆ.

ಬಾಂಡು, ಸಾಲಪತ್ರಗಳಲ್ಲಿ ದುಡ್ಡು ಹಾಕುವ ಡೆಟ್ ಫಂಡ್ ಎಫ್‌ಡಿಯಂತೆಯೇ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. 2020ರ ಏಪ್ರಿಲಿನಲ್ಲಿ ಒಂದು ದೊಡ್ಡ ಸಂಸ್ಥೆ ತನ್ನ ಆರು ಡೆಟ್ ಫಂಡುಗಳನ್ನು ಒಮ್ಮೆಗೇ ಮುಚ್ಚಿತು, ಹಣ ಕೈಗೆ ಬರಲು ಜನ ತಿಂಗಳುಗಟ್ಟಲೆ ಕಾಯಬೇಕಾಯಿತು. 2023ರ ಏಪ್ರಿಲ್ 1ರಿಂದ ಹೊಸದಾಗಿ ಹಾಕಿದ್ದಕ್ಕೆ ತೆರಿಗೆ ಲಾಭವೂ ಉಳಿದಿಲ್ಲ.

ಚಿನ್ನವನ್ನು ನಮ್ಮವರು ಪವನಿನ ಲೆಕ್ಕದಲ್ಲಿ ನಂಬುತ್ತಾರೆ. ಈಚಿನ ವರ್ಷಗಳಲ್ಲಿ ಅದು ಏರಿದ ರೀತಿ ನೋಡಿದರೆ ಆಸೆಯಾಗುವುದು ಸಹಜ. ಆದರೆ ಹತ್ತು ಗ್ರಾಮಿಗೆ 2012ರಲ್ಲೂ ಸುಮಾರು 31 ಸಾವಿರ, 2018ರಲ್ಲೂ ಸುಮಾರು 31 ಸಾವಿರ ಇತ್ತು. ಆರು ವರ್ಷ ಒಂದು ಬಿಡಿಗಾಸು ಕೊಡಲಿಲ್ಲ. ಮದುವೆಗೆ ಬೇಕಾದಷ್ಟು ಆಭರಣ ಮಾಡಿಸಿ, ಹೂಡಿಕೆಗೆಂದು ಮಜೂರಿ ಕೊಟ್ಟು ಬಳೆ ತೆಗೆದುಕೊಳ್ಳಬೇಡಿ.

ವಿಮೆಯ ಏಜೆಂಟರು ಬಡ್ಡಿ ಇಳಿದಾಗಲೇ ಹೆಚ್ಚು ಮನೆಗೆ ಬರುತ್ತಾರೆ. 'ವರ್ಷಕ್ಕೆ ಒಂದು ಲಕ್ಷದಂತೆ ಹತ್ತು ವರ್ಷ ಕಟ್ಟಿ, ಇಪ್ಪತ್ತನೇ ವರ್ಷದ ಕೊನೆಗೆ ಇಪ್ಪತ್ತು ಲಕ್ಷ, ದುಪ್ಪಟ್ಟು!' ಎಂದರೆ ಕೇಳಲು ಚೆಂದ. ಒಂದೊಂದು ಲಕ್ಷವೂ ಸರಾಸರಿ ಹದಿನೈದೂವರೆ ವರ್ಷ ಅವರಲ್ಲಿ ಕೂತಿರುತ್ತದೆ. ಲೆಕ್ಕ ಹಾಕಿದರೆ ಬಡ್ಡಿ ನೂರಕ್ಕೆ ನಾಲ್ಕೂವರೆ.

ತಿಂಗಳಿಗೆ ಸಾವಿರದ ಇನ್ನೂರು ಕೊಡುವವರು

ಲಕ್ಷಕ್ಕೆ ತಿಂಗಳಿಗೆ 1,200 ಎಂದರೆ ವರ್ಷಕ್ಕೆ ಶೇ 14.4. ಬ್ಯಾಂಕು ಹತ್ತಕ್ಕೋ ಹನ್ನೊಂದಕ್ಕೋ ಸಾಲ ಕೊಡುವಾಗ ಆ ವ್ಯಾಪಾರಿ ನಿಮಗೇಕೆ ಹದಿನಾಲ್ಕು ಕೊಡಬೇಕು? ಬ್ಯಾಂಕು ಅವನಿಗೆ ಕೊಡಲು ಒಪ್ಪದ ಕಾರಣ ಏನೋ ಇರಬೇಕು.

ಪಾಲುದಾರಿಕೆ ಸಂಸ್ಥೆಗಳು ಸಾರ್ವಜನಿಕರಿಂದ ಠೇವಣಿ ಪಡೆಯುವುದನ್ನೇ ವ್ಯವಹಾರ ಮಾಡಿಕೊಳ್ಳುವುದನ್ನು ರಿಸರ್ವ್ ಬ್ಯಾಂಕ್ ಕಾಯಿದೆ ನಿಷೇಧಿಸುತ್ತದೆ, ಅದನ್ನು 'ಲಾಭದಲ್ಲಿ ಪಾಲು' ಎಂದು ಕರೆದರೂ, ಮುದ್ರೆ ಕಾಗದದಲ್ಲಿ ಕರಾರು ಬರೆದುಕೊಟ್ಟರೂ ವಾಯಿದೆಗೆ ಹಿಂದಿರುಗಿಸುವ ಮಾತಿದ್ದರೆ ಅನುಮಾನಿಸಿ. 2019ರಲ್ಲಿ ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ ಪ್ರತ್ಯೇಕ ಕಾಯಿದೆಯೂ ಬಂದಿದೆ. ಚಿನ್ನದಂಗಡಿಗಳ ಮಾಸಿಕ ಯೋಜನೆ ಹನ್ನೊಂದೇ ತಿಂಗಳಿಗೆ ಯಾಕೆ ಮುಗಿಯುತ್ತದೆ ಗೊತ್ತೇ? ಕಂಪನಿಗಳು ಮುಂಗಡವಾಗಿ ಪಡೆದ ಹಣಕ್ಕೆ 365 ದಿನದೊಳಗೆ ಮಾಲು ಕೊಡದಿದ್ದರೆ ಅದು ಠೇವಣಿ ಎನಿಸಿಕೊಳ್ಳುತ್ತದೆ. ಅದಕ್ಕಿಂತ ಉದ್ದದ ಯೋಜನೆ ಹಿಡಿದುಕೊಂಡು ಬಂದವರನ್ನು ಅಲ್ಲಿಗೇ ನಿಲ್ಲಿಸಿ. ಠೇವಣಿ ಪಡೆಯಲು ಒಂದು ಸಂಸ್ಥೆಗೆ ಅನುಮತಿ ಇದೆಯೇ ಎಂದು ರಿಸರ್ವ್ ಬ್ಯಾಂಕಿನ 'ಸಚೇತ್' ಜಾಲತಾಣದಲ್ಲಿ ನೋಡಬಹುದು. ದೂರನ್ನೂ ಅಲ್ಲೇ ಕೊಡಬಹುದು.

ಕರೆದುಕೊಂಡು ಹೋಗುವವರು ನಮ್ಮವರೇ ಆಗಿರುತ್ತಾರೆ: ಭಾವ, ಜಮಾತಿನ ಗೆಳೆಯ, ಶಾಲೆಯ ಮೇಷ್ಟ್ರು. ಅವರೂ ತಮ್ಮ ದುಡ್ಡು ಹಾಕಿಯೇ ಹೇಳುತ್ತಿರುತ್ತಾರೆ, ಮೋಸ ಮಾಡುವ ಮನಸ್ಸು ಅವರಿಗಿರುವುದಿಲ್ಲ. ಅದಕ್ಕೇ ಬೇಡ ಎನ್ನುವುದು ಕಷ್ಟ. 'ಮಗನಲ್ಲಿ ಕೇಳಿ ಹೇಳುತ್ತೇನೆ' ಎಂದು ಹೇಳಿ ಒಂದು ವಾರ ಕಳೆಯಿರಿ.

ಸಹಿ ಹಾಕುವ ಮೊದಲು

ನಮ್ಮಲ್ಲಿ ಎಷ್ಟೋ ಹಿರಿಯರಿಗೆ ಕನ್ನಡ ಮಾತ್ರ ಓದಲು ಬರುತ್ತದೆ; ರಶೀದಿ, ಕರಾರು, ಸಾಲಪತ್ರ ಮಲೆಯಾಳದಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಓದಲಾಗದ ಕಾಗದಕ್ಕೆ ಕೌಂಟರಿನಲ್ಲೇ ಸಹಿ ಹಾಕಬೇಡಿ. ಮನೆಗೆ ತಂದು ಮಲೆಯಾಳ ಕಲಿತ ಮೊಮ್ಮಕ್ಕಳಿಂದ ಓದಿಸಿ. ಅದರಲ್ಲಿ ನಾಲ್ಕು ಸಂಗತಿ ಹುಡುಕಿಸಿ: ದರ, ಮುಗಿಯುವ ದಿನ, ನಡುವೆ ಮುರಿದರೆ ಕಡಿತ, ನಾಮಿನಿಯ ಹೆಸರು. ಮನೆಯಲ್ಲಿ ಒಂದು ಕನ್ನಡ ಪುಸ್ತಕದಲ್ಲಿ ಇದನ್ನೆಲ್ಲ ಬರೆದಿಟ್ಟು, ಪುಸ್ತಕ ಎಲ್ಲಿದೆ ಎಂದು ಇಬ್ಬರಿಗಾದರೂ ಹೇಳಿರಿ. ಅರುವತ್ತು ದಾಟಿದವರಿಗೆ ಒಂದು ಬ್ಯಾಂಕಿನಲ್ಲಿ ವರ್ಷದ ಬಡ್ಡಿ ಒಂದು ಲಕ್ಷ ಮೀರಿದರೆ ಟಿಡಿಎಸ್, ಎಂದರೆ ಬಡ್ಡಿ ಕೊಡುವಾಗಲೇ ತೆರಿಗೆ, ಹಿಡಿಯುತ್ತಾರೆ; ತೆರಿಗೆ ಬಾರದವರು ಏಪ್ರಿಲಿನಲ್ಲೇ ಘೋಷಣೆಯ ಫಾರಂ ಕೊಡಬೇಕು.

ಅತ್ತೆಯ ಲೆಕ್ಕ ಕೊನೆಗೆ ಹೀಗಾಯಿತು. ಒಂದು ಲಕ್ಷ ಚಿನ್ನದ ಸಾಲಕ್ಕೆ, ಒಂದು ಲಕ್ಷ ಎಸ್‌ಬಿ ಖಾತೆಗೆ, ಹತ್ತು ಲಕ್ಷ ಹಿರಿಯ ನಾಗರಿಕರ ಯೋಜನೆಗೆ, ಐದು ಲಕ್ಷ ಮಾಸಿಕ ಆದಾಯಕ್ಕೆ, ಮೂರು ಲಕ್ಷ ಮೂರು ಮೇ ತಿಂಗಳುಗಳ ಎಫ್‌ಡಿಗೆ. ಶೇರು ಬೇಡವೆಂದೇ ಹೇಳಿದೆ, ಅವರಿಗೆ ರಾತ್ರಿ ನಿದ್ದೆ ಬರಬೇಕು. ಹಿರಿಯ ನಾಗರಿಕರ ಯೋಜನೆ, ಮಾಸಿಕ ಆದಾಯ ಎರಡೂ ಸೇರಿ ತಿಂಗಳಿಗೆ ಸರಾಸರಿ 9,916 ಬರುತ್ತದೆ. ಚಾಲ್ತಿಯಲ್ಲಿದ್ದ ಎಫ್‌ಡಿಗಳನ್ನು ಮುರಿದರೆ ದಂಡ ಬೀಳುವುದರಿಂದ ಒಂದೊಂದೂ ಮುಗಿದ ಹಾಗೆ ವರ್ಗಾಯಿಸುತ್ತಿದ್ದಾರೆ, ಇನ್ನೂ ಎರಡು ಬಾಕಿ. ಆ ಎಂಬತ್ತು ಸಾವಿರದ ಹಳೆ ರಶೀದಿಯನ್ನು ಮಾತ್ರ ಮರುದಿನವೇ ಬ್ಯಾಂಕಿಗೆ ಒಯ್ದು, ನಾಮಿನಿಯ ಜಾಗದಲ್ಲಿ ಮಗಳ ಹೆಸರು ಬರೆಸಿ ಬಂದರು.